ತೊಗಟೆಯಿಂದ ಗುಳಿಗೆಯವರೆಗೆ

ಕಳೆದ ಮಳೆಗಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ವೃದ್ಧ ತಾಯಿಯೊಬ್ಬರು ನಮ್ಮ ಬಳಿಗೆ ಬಂದರು. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಆರು ದಿನಗಳಿಂದ ಜ್ವರ, ದಿನ ಬಿಟ್ಟು ದಿನ ನಡುಕ. ಕಿರಾತಕಡ್ಡಿಯ ಕಷಾಯ ಕೊಡುತ್ತಿದ್ದೇವೆ, ಪ್ರಾರ್ಥಿಸಬೇಕು ಎಂದು ಕೇಳಿಕೊಂಡರು. ಪ್ರಾರ್ಥಿಸುತ್ತೇವೆ, ಆದರೆ ಇಂದೇ ರಕ್ತಪರೀಕ್ಷೆ ಮಾಡಿಸಿ ಎಂದೆವು. ಆ ತಾಯಿಗೆ ಸಮಾಧಾನವಾಗಲಿಲ್ಲ. "ಡಾಕ್ಟರರ ಮದ್ದೂ ಮೊದಲು ಗಿಡದಿಂದಲೇ ಬಂದದ್ದಲ್ಲವೇ ಫಾದರ್? ಹಾಗಾದರೆ ನಮ್ಮ ಗಿಡ ಏನು ತಪ್ಪು ಮಾಡಿತು?" ಎಂದು ಕೇಳಿದರು.

ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೊಡಬಹುದಾದ ಉತ್ತರ ಅದಕ್ಕಿರಲಿಲ್ಲ. ಮಲೇರಿಯಾದ ಮಟ್ಟಿಗಂತೂ ಅವರ ಮಾತಿನ ಮೊದಲರ್ಧ ಸಂಪೂರ್ಣ ನಿಜ. ಈ ರೋಗಕ್ಕೆ ಮನುಷ್ಯಕುಲ ಕಂಡುಕೊಂಡ ಎರಡು ಮಹಾ ಔಷಧಗಳೂ ಗಿಡಮರಗಳಿಂದಲೇ ಬಂದಿವೆ. ಮೊದಲನೆಯದರ ಚರಿತ್ರೆಯಲ್ಲಿ ಯೇಸುಸಭೆಯ ಗುರುಗಳಿಗೂ ಪಾಲಿದೆ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮೂಲನಿವಾಸಿಗಳಿಗೆ ಒಂದು ಮರದ ತೊಗಟೆಯ ಪರಿಚಯವಿತ್ತು. ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಲೀಮಾ ನಗರದ ಯೇಸುಸಭೆಯ ಔಷಧಶಾಲೆಯನ್ನು ನಡೆಸುತ್ತಿದ್ದವರು ಬ್ರದರ್ ಅಗಸ್ಟೀನೊ ಸಲುಂಬ್ರಿನೊ. ಆ ಕಾಲದಲ್ಲಿ ಯೇಸುಸಭೆಯವರ ಕೈಯಿಂದ ತೊಗಟೆ ಸಮುದ್ರ ದಾಟಿ ಯುರೋಪನ್ನು ತಲುಪಿತು. ರೋಮಿನಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳ ಪಂಡಿತರಾಗಿದ್ದ ಕಾರ್ಡಿನಲ್ ಹುವಾನ್ ದೆ ಲೂಗೊ ಅದನ್ನು ಬಡ ರೋಗಿಗಳಿಗೆ ಧರ್ಮಾರ್ಥವಾಗಿ ಹಂಚಿದರು. ಜನರು ಅದನ್ನು ಜೆಸ್ವಿತರ ತೊಗಟೆ ಎಂದೇ ಕರೆದರು. (ಪೆರುವಿನ ವೈಸ್‌ರಾಯ್‌ನ ಪತ್ನಿ, ಚಿಂಚೋನದ ಕೌಂಟೆಸ್, ಈ ತೊಗಟೆಯಿಂದ ಗುಣಹೊಂದಿದರೆಂಬ ಕಥೆಯನ್ನು ನಂಬಿ ಲಿನೇಯಸ್ 1742ರಲ್ಲಿ ಮರಕ್ಕೆ ಸಿಂಕೋನಾ ಎಂದು ಹೆಸರಿಟ್ಟ. ಹೆಸರಿನ ಒಂದು ಅಕ್ಷರವೂ ಬಿಟ್ಟುಹೋಯಿತು, ಕಥೆಯೂ ದಂತಕಥೆಯೆಂದು ಮುಂದೆ ತಿಳಿಯಿತು. ಮೊದಲು ಆ ತೊಗಟೆಯನ್ನು ಅಗಿದು ನೋಡಿದವರ ಹೆಸರು ಮಾತ್ರ ಯಾವ ಗ್ರಂಥದಲ್ಲಿಯೂ ಇಲ್ಲ.)

ಆದರೆ ತೊಗಟೆಯಲ್ಲೊಂದು ತೊಡಕಿತ್ತು. ಒಂದು ಮೂಟೆಯ ಪುಡಿ ಜ್ವರವನ್ನು ನಿಲ್ಲಿಸುತ್ತಿತ್ತು, ಇನ್ನೊಂದರ ಪುಡಿ ನಿಲ್ಲಿಸುತ್ತಿರಲಿಲ್ಲ. ಎರಡೂ ಕಹಿಯೇ. 1820ರಲ್ಲಿ ಪ್ಯಾರಿಸ್ಸಿನ ಪೆಲ್ಲೆಟಿಯೇ ಮತ್ತು ಕಾವಂಟು ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ತೊಗಟೆಯೊಳಗಿನ ಕ್ವಿನೀನನ್ನು ಬೇರ್ಪಡಿಸಿದಾಗಲೇ ಇದಕ್ಕೆ ಪರಿಹಾರ ದೊರೆಯಿತು. ಅಂದಿನಿಂದ ಎಷ್ಟು ಕೊಟ್ಟೆವೆಂದು ವೈದ್ಯನು ತೂಗಿ ಹೇಳಬಲ್ಲವನಾದ. ಗುರುಮಠದಲ್ಲಿ ಅರಿಸ್ಟಾಟಲನನ್ನು ಓದುವಾಗ, ಬೀಜದೊಳಗೆ ಮರವು ಸಾಧ್ಯತೆಯಾಗಿದೆಯೇ ಹೊರತು ಮರವಾಗಿಲ್ಲವೆಂಬ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು. ಸೊಪ್ಪಿನೊಳಗೆ ಔಷಧವಿರುವುದೂ ಆ ಬಗೆಯಲ್ಲೇ ಎಂದು ಹೊಳೆದದ್ದು ಬಹಳ ತಡವಾಗಿ.

ಎರಡನೆಯ ಔಷಧದ ಕಥೆಯೇ ನಮ್ಮ ಮನಸ್ಸನ್ನು ಹೆಚ್ಚು ಹಿಡಿದಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕ್ಲೋರೊಕ್ವಿನ್‌ಗೆ ಬಗ್ಗದ ಮಲೇರಿಯಾ ಸೈನಿಕರನ್ನು ಗುಂಡಿಗಿಂತ ಮಿಗಿಲಾಗಿ ಕಾಡಿತು. 1967ರ ಮೇ 23ರಂದು ಚೀನಾ ಸರ್ಕಾರ ಗುಪ್ತ ಸಂಶೋಧನಾ ಯೋಜನೆಯೊಂದನ್ನು ಆರಂಭಿಸಿತು. ತಿಂಗಳು ಐದು, ದಿನ 23. ಆದ್ದರಿಂದ ಅದಕ್ಕೆ 523 ಎಂದು ಹೆಸರು. 1969ರಲ್ಲಿ ಬೀಜಿಂಗಿನ ಸಾಂಪ್ರದಾಯಿಕ ವೈದ್ಯ ಸಂಸ್ಥೆಯ ತು ಯೂಯೂ ಎಂಬ ಮಹಿಳೆಗೆ ಆ ಕೆಲಸದ ಒಂದು ಭಾಗವನ್ನು ಒಪ್ಪಿಸಲಾಯಿತು. ಆಕೆಗೆ ಡಾಕ್ಟರೇಟ್ ಇರಲಿಲ್ಲ, ವಿದೇಶದ ವ್ಯಾಸಂಗವೂ ಇರಲಿಲ್ಲ. ಚಿಕ್ಕ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಆಕೆ ರೋಗಪೀಡಿತ ಹೈನಾನ್ ದ್ವೀಪಕ್ಕೆ ಹೊರಟರು.

ತು ಯೂಯೂ ಮತ್ತು ಸಂಗಡಿಗರು ಹಳೆಯ ವೈದ್ಯಗ್ರಂಥಗಳಿಂದಲೂ ನಾಟಿವೈದ್ಯರಿಂದಲೂ 2000ಕ್ಕೂ ಹೆಚ್ಚು ಮದ್ದುಗಳ ವಿವರ ಕಲೆಹಾಕಿದರು. ಸುಮಾರು 200 ಗಿಡಮೂಲಿಕೆಗಳಿಂದ 380ಕ್ಕೂ ಮಿಕ್ಕಿ ಸಾರಗಳನ್ನು ತೆಗೆದು ಇಲಿಗಳ ಮೇಲೆ ಪ್ರಯೋಗಿಸಿದರು. ಚಿಂಗ್‌ಹಾವೊ ಎಂಬ ಗಿಡದ ಸಾರ ಒಮ್ಮೆ ರೋಗಾಣುವನ್ನು ತಡೆಯಿತು. ಮತ್ತೆ ಪ್ರಯೋಗಿಸಿದಾಗ ಆ ಫಲ ಕಾಣಲಿಲ್ಲ. ಇದು ನಮ್ಮ ಮಾಚಿಪತ್ರೆ, ದವನಗಳ ಕುಲಕ್ಕೇ ಸೇರಿದ ಗಿಡ. ಕುಲ ಒಂದಾದ ಮಾತ್ರಕ್ಕೆ ಗುಣ ಒಂದಾಗದು, ಆದ್ದರಿಂದ ಯಾರೂ ಅಂಗಳದ ದವನವನ್ನು ಅರೆಯಲು ಹೋಗಬಾರದು.

ಆಗ ಆಕೆ ಹಳೆಯ ಗ್ರಂಥಗಳನ್ನು ಮತ್ತೆ ತೆರೆದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಕೈಪಿಡಿಯಲ್ಲಿ ಚಿಂಗ್‌ಹಾವೊವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂಬ ವಿಧಾನವಿತ್ತು. ಕುದಿಸುವ ಮಾತೇ ಅಲ್ಲಿರಲಿಲ್ಲ. ಹಾಗಾದರೆ ಬಿಸಿಯೇ ಗುಣವನ್ನು ಕೆಡಿಸುತ್ತಿದೆಯೇ? ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದು, ಅದರ ವಿಷಕಾರಿಯಾದ ಆಮ್ಲೀಯ ಅಂಶವನ್ನು ಬೇರ್ಪಡಿಸಿದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿ ಇಲಿಗಳಲ್ಲಿ ರೋಗಾಣುವನ್ನು ನೂರಕ್ಕೆ ನೂರು ಅಡಗಿಸಿತು. ಅದಕ್ಕೆ ಮೊದಲು ಸೋತ ಮಾದರಿಗಳು ನೂರಾರು.

ಅದು ಮನುಷ್ಯರಿಗೆ ಅಪಾಯಕಾರಿಯಲ್ಲವೆಂದು ಹೇಳುವವರು ಯಾರು? 1972ರಲ್ಲಿ ತು ಯೂಯೂ ಮತ್ತು ಇಬ್ಬರು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ಸೇವಿಸಿದರು. ಅನಂತರವೇ ಹೈನಾನಿನ 21 ಮಂದಿ ರೋಗಿಗಳಿಗೆ ಕೊಡಲಾಯಿತು. ಅದೇ ವರ್ಷ ಶುದ್ಧ ಹರಳಾಗಿ ಕೈಗೆ ಬಂದ ವಸ್ತುವೇ ಆರ್ಟಿಮಿಸಿನಿನ್. ಅದರ ಅಣುವಿನಲ್ಲಿ ಎರಡು ಆಮ್ಲಜನಕಗಳು ಸೇತುವೆಯಂತೆ ಜೋಡಿಕೊಂಡಿವೆ. ರಕ್ತವನ್ನು ತಿಂದ ರೋಗಾಣುವಿನೊಳಗಿನ ಕಬ್ಬಿಣ ಈ ಸೇತುವೆಯನ್ನು ಮುರಿಯುತ್ತದೆ. ಮುರಿದ ಅಣು ರೋಗಾಣುವನ್ನೇ ನಾಶಮಾಡುತ್ತದೆ. 2015ರಲ್ಲಿ ಆಕೆಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಅಣುವಿನಿಂದಲೇ ಸಿದ್ಧಪಡಿಸಿದ ಆರ್ಟಿಸುನೇಟ್ ಚುಚ್ಚುಮದ್ದನ್ನು ಕ್ವಿನೀನಿನೊಡನೆ ಹೋಲಿಸಿ, ಭಾರತವೂ ಸೇರಿದಂತೆ ಏಷ್ಯಾದ ನಾಲ್ಕು ದೇಶಗಳಲ್ಲಿ ತೀವ್ರ ಮಲೇರಿಯಾದ 1461 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕ್ವಿನೀನ್ ಪಡೆದವರಲ್ಲಿ ಶೇಕಡ 22 ಮಂದಿ ತೀರಿಕೊಂಡರೆ, ಆರ್ಟಿಸುನೇಟ್ ಪಡೆದವರಲ್ಲಿ ಶೇಕಡ 15. ಜೆಸ್ವಿತರ ತೊಗಟೆ ಮೂರೂವರೆ ಶತಮಾನಗಳ ಸೇವೆಯ ನಂತರ ಹಿಂದೆ ಸರಿದು ನಿಂತಿತು. ಇದರಲ್ಲಿ ವಿಷಾದಪಡುವುದು ಏನೂ ಇಲ್ಲ.

ಹಾಗಾದರೆ ಆ ಗಿಡದ ಕಷಾಯವನ್ನೇ ಕುಡಿಯಬಹುದಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ಒಂದು ಗಿಡದಲ್ಲಿದ್ದಷ್ಟು ಔಷಧ ಇನ್ನೊಂದರಲ್ಲಿ ಇರುವುದಿಲ್ಲ. ಅರೆಪ್ರಮಾಣದ ಔಷಧ ದುರ್ಬಲ ರೋಗಾಣುಗಳನ್ನು ಕೊಂದು ಬಲಿಷ್ಠವಾದವುಗಳನ್ನು ಉಳಿಸುತ್ತದೆ. ಆದ್ದರಿಂದಲೇ ಆರ್ಟಿಮಿಸಿನಿನ್ ಗುಳಿಗೆಯನ್ನು ಕೂಡ ಒಂಟಿಯಾಗಿ ಕೊಡದೆ ಬೇರೊಂದು ಔಷಧದೊಡನೆ ಸೇರಿಸಿ ಕೊಡುತ್ತಾರೆ. ಇಷ್ಟೆಲ್ಲ ಎಚ್ಚರವಿದ್ದರೂ ಕಾಂಬೋಡಿಯದ ಪಶ್ಚಿಮ ಗಡಿಯಲ್ಲಿ ಈ ಔಷಧಕ್ಕೂ ತಡವಾಗಿ ಬಗ್ಗುವ ರೋಗಾಣುಗಳು 2008ರ ಹೊತ್ತಿಗೆ ಕಾಣಿಸಿಕೊಂಡವು.

ಆ ತಾಯಿಯ ಮೊಮ್ಮಗನಿಗೆ ಬಂದದ್ದು ವೈವಾಕ್ಸ್ ಮಲೇರಿಯಾ, ಕರಾವಳಿಯ ನಮಗೆಲ್ಲ ಪರಿಚಿತವಾದದ್ದು. ಈ ಜಾತಿಯ ರೋಗಾಣು ಯಕೃತ್ತಿನಲ್ಲಿ ಅಡಗಿ ಮಲಗಿದ್ದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಏಳಬಲ್ಲದು. ಅದಕ್ಕಾಗಿ ವೈದ್ಯರು ಕ್ಲೋರೊಕ್ವಿನ್ ಜೊತೆಗೆ 14 ದಿನಗಳ ಪ್ರಿಮಾಕ್ವಿನ್ ಬರೆದುಕೊಟ್ಟಿದ್ದರು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಹುಡುಗ ಗುಳಿಗೆಯನ್ನೂ ಬಿಟ್ಟನು. ನಾವು ಮನೆಗೆ ಹೋದಾಗ ಪಟ್ಟಿಯಲ್ಲಿ ಹತ್ತು ಗುಳಿಗೆಗಳು ಹಾಗೆಯೇ ಉಳಿದಿದ್ದವು. ಮೇಲಿನ ಕಥೆಯನ್ನು ಅಂದು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಆ ತಾಯಿಗೆ ಹೇಳಿದೆವು. ಚೀನಾದ ಹೆಂಗಸು ಮಗುವನ್ನು ಬಿಟ್ಟು ಹೋದ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಎದ್ದು ಹೋಗಿ ಡಾಕ್ಟರರಿಗೆ ಫೋನ್ ಮಾಡಿಸಿದರು, ನಿಂತುಹೋದ ಗುಳಿಗೆಯನ್ನು ಮತ್ತೆ ಹೇಗೆ ಆರಂಭಿಸಬೇಕೆಂದು ಕೇಳಲು. ಮುಂದಿನ ದಿನಗಳಲ್ಲಿ ಊಟವಾದ ಮೇಲೆ ಮೊಮ್ಮಗನ ಎದುರು ನಿಂತು, ಅವನು ನುಂಗುವುದನ್ನು ನೋಡಿಯೇ ತಟ್ಟೆ ತೆಗೆಯುತ್ತಿದ್ದರಂತೆ.