ಕನ್ನಡ ಬೇಕೆಂಬ ಚೀಟಿಯನ್ನು ಓದುವವರಾರು?

ಬೆಳ್ಳಂದೂರು ಗ್ರಾಮ ಪಂಚಾಯಿತಿ 1998ರಷ್ಟು ಹಿಂದೆಯೇ ತನ್ನ ದಾಖಲೆಗಳನ್ನು ಗಣಕೀಕರಿಸಿ ದೇಶದ ಗಮನ ಸೆಳೆದಿತ್ತು. 2007ರಲ್ಲಿ ಊರು ಮಹಾನಗರ ಪಾಲಿಕೆಗೆ ಸೇರಿತು; ಹೊರವರ್ತುಲ ರಸ್ತೆಯುದ್ದಕ್ಕೂ ತಂತ್ರಾಂಶ ಕಂಪನಿಗಳ ಕಟ್ಟಡಗಳು ಎದ್ದವು. ಇಲ್ಲಿ ನೌಕರಿ ಮಾಡುವ ನನ್ನಂಥ ನೂರಾರು ಮಂದಿ ದಿನವಿಡೀ ಜಾಲತಾಣಗಳನ್ನು ಕಟ್ಟುತ್ತೇವೆ. ಆದರೆ ಬಳಕೆದಾರ ಕೇಳುತ್ತಿರುವ ಭಾಷೆ ಯಾವುದೆಂದು ನೋಡುವ ಗೋಜಿಗೆ ಅನೇಕ ತಾಣಗಳು ಹೋಗುವುದೇ ಇಲ್ಲ.

ಬ್ರೌಸರ್ ಯಾವುದೇ ಪುಟವನ್ನು ಕೇಳುವಾಗ, ವಿಳಾಸದೊಂದಿಗೆ ಕೆಲವು ಸಾಲುಗಳ ಟಿಪ್ಪಣಿಯನ್ನೂ ಸರ್ವರಿಗೆ ಕಳಿಸುತ್ತದೆ. ಈ ಸಾಲುಗಳೇ ಎಚ್‌ಟಿಟಿಪಿ ಹೆಡರ್‌ಗಳು. ಅವುಗಳಲ್ಲಿ ‘ಆಕ್ಸೆಪ್ಟ್-ಲ್ಯಾಂಗ್ವೇಜ್’ ಎಂಬುದು ಬಳಕೆದಾರ ಬಯಸುವ ಭಾಷೆಗಳನ್ನು ಆದ್ಯತೆಯ ಸಹಿತ ತಿಳಿಸುತ್ತದೆ. ಕನ್ನಡದ ಸಂಕೇತ ‘ಕೆಎನ್’. ಕನ್ನಡ ಮೊದಲು ಬೇಕು, ಅದಿಲ್ಲದಿದ್ದರೆ ಇಂಗ್ಲಿಷ್ ಆದೀತು ಎಂಬುದನ್ನು 1, 0.8 ಎಂಬ ತೂಕಗಳಲ್ಲಿ ಹೇಳಬಹುದು. 1999ರ ಜೂನ್‌ನಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರ ನಿಯಮಾವಳಿಯಲ್ಲೇ ಈ ವ್ಯವಸ್ಥೆಯಿದೆ.

ಇಂಥ ಚೀಟಿ ಕೈಯಲ್ಲಿದ್ದರೂ ಹಲವು ತಾಣಗಳು ಐಪಿ ವಿಳಾಸದಿಂದ ಊರನ್ನು ಅಂದಾಜು ಮಾಡಿ, ಊರಿನಿಂದ ಭಾಷೆಯನ್ನು ಊಹಿಸುತ್ತವೆ. ಈ ತರ್ಕದಂತೆ ಕಾಸರಗೋಡಿನ ಕನ್ನಡಿಗನಿಗೆ ಮಲಯಾಳಂ, ಸೊಲ್ಲಾಪುರದ ಕನ್ನಡಿಗನಿಗೆ ಮರಾಠಿ! 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಉಳಿದವರನ್ನು ಗಣಕವೂ ಗಡಿಯಾಚೆಗೇ ನಿಲ್ಲಿಸಿದಂತಾಯಿತು. ಬೆಳ್ಳಂದೂರಿನಲ್ಲಿ ನೆಲೆಸಿರುವ ಬಂಗಾಳಿ ಅಥವಾ ಒಡಿಯಾ ಭಾಷಿಕನ ಪಾಡೂ ಬೇರೆಯಲ್ಲ. ಮನುಷ್ಯ ಎಲ್ಲಿದ್ದಾನೆ ಎಂಬುದರಿಂದ ಆತ ಏನನ್ನು ಓದಬಲ್ಲ ಎಂದು ತೀರ್ಮಾನಿಸುವುದು ಎಷ್ಟು ಸರಿ?

‘ಪುಟದೊಳಗಿನ ಜಾವಾಸ್ಕ್ರಿಪ್ಟಿಗೆ ಹೆಡರ್ ಕಾಣುವುದಿಲ್ಲ’ ಎಂಬ ಸಬೂಬು ನಮ್ಮ ವೃತ್ತಿಯಲ್ಲಿ ಕೇಳಿಬರುತ್ತದೆ. ಇದು ಅರ್ಧಸತ್ಯ. ಪುಟವನ್ನು ತರಿಸಲು ಬ್ರೌಸರ್ ಕಳಿಸಿದ ಹೆಡರ್‌ಗಳನ್ನು ಸ್ಕ್ರಿಪ್ಟ್ ನೇರವಾಗಿ ಓದಲಾರದು, ನಿಜ. ಆದರೆ ‘ನ್ಯಾವಿಗೇಟರ್.ಲ್ಯಾಂಗ್ವೇಜಸ್’ ಅನ್ನು ವಿಚಾರಿಸಿದರೆ ಹೆಚ್ಚೂಕಡಿಮೆ ಅದೇ ಪಟ್ಟಿ ದೊರೆಯುತ್ತದೆ. ಖಾಸಗಿತನದ ದೃಷ್ಟಿಯಿಂದ ಕೆಲವು ಬ್ರೌಸರ್‌ಗಳು ಮೊದಲ ಭಾಷೆಯೊಂದನ್ನೇ ತಿಳಿಸಿದರೂ, ನಮಗೆ ಮುಖ್ಯವಾದದ್ದು ಅದೇ ತಾನೆ? ಸ್ಕ್ರಿಪ್ಟ್ ತಾನಾಗಿ ಮಾಹಿತಿ ತರಿಸಿಕೊಂಡಾಗ ಉತ್ತರದ ಹೆಡರ್‌ಗಳನ್ನೂ ಓದಬಲ್ಲದು. ಉತ್ತರ ಬಂದದ್ದು ಬೇರೆ ತಾಣದಿಂದಾದರೆ ಕಟ್ಟುಪಾಡು ಹೆಚ್ಚು: ಆ ತಾಣ ಒಪ್ಪಿಗೆ ಕೊಟ್ಟ ಮೇಲೂ, ಪ್ರತ್ಯೇಕ ಅನುಮತಿಯಿಲ್ಲದೆ ಕಾಣುವ ಹೆಡರ್‌ಗಳು ಏಳೇ. ಉತ್ತರ ಯಾವ ಭಾಷೆಯಲ್ಲಿದೆ ಎಂದು ಹೇಳುವ ‘ಕಂಟೆಂಟ್-ಲ್ಯಾಂಗ್ವೇಜ್’ ಆ ಏಳರಲ್ಲೊಂದು. ನಿಯಮ ರೂಪಿಸಿದವರು ಭಾಷೆಗೆ ಬಾಗಿಲು ತೆರೆದೇ ಇಟ್ಟಿದ್ದಾರೆ.

ಹಾಗೆಂದು ತಪ್ಪೆಲ್ಲ ಕಂಪನಿಗಳ ಮೇಲೆ ಹೊರಿಸುವಂತಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮಲ್ಲಿ ಎಷ್ಟು ಜನರ ಮೊಬೈಲು, ಬ್ರೌಸರುಗಳು ಕನ್ನಡಕ್ಕೆ ಹೊಂದಿಕೊಂಡಿವೆ? ಖರೀದಿಸಿದಾಗ ಇದ್ದ ಇಂಗ್ಲಿಷನ್ನೇ ಉಳಿಸಿಕೊಂಡರೆ, ಪ್ರತಿ ಕೋರಿಕೆಯಲ್ಲೂ ನಮ್ಮ ಹೆಸರಿನಲ್ಲಿ ಇಂಗ್ಲಿಷಿಗೇ ಮತ ಬೀಳುತ್ತದೆ. ‘ಕನ್ನಡ ಕೇಳುವವರೇ ಇಲ್ಲ’ ಎಂದು ಲೆಕ್ಕ ಒಪ್ಪಿಸುವವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಪಟ್ಟಿಯ ಮೊದಲಿಗೆ ತರುವುದು ಬಳಕೆದಾರನ ಪಾಲಿನ ಕೆಲಸ. ಆ ಬಯಕೆಯನ್ನು ಓದಿ ಮನ್ನಿಸುವುದು, ಬೇಡವೆನಿಸಿದವರಿಗೆ ಭಾಷೆ ಬದಲಿಸುವ ಗುಂಡಿಯನ್ನು ಎದ್ದು ಕಾಣುವಂತೆ ಇಡುವುದು ತಾಣ ಕಟ್ಟುವವರ ಪಾಲಿನದು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿದ ಕಾಯ್ದೆ ಬಂದದ್ದು 1963ರಲ್ಲಿ. ಆ ಕಾಯ್ದೆಯ ಆಶಯ ಗಣಕದ ಪರದೆಗೂ ತಲುಪಬೇಕಾದರೆ, ಸರ್ಕಾರಿ ಜಾಲತಾಣಗಳು ಮೊದಲು ಈ ಎರಡಕ್ಷರದ ಸಂಕೇತವನ್ನು ಓದಲು ಕಲಿಯಲಿ.