ನೀರು ಮೊದಲು, ಸ್ವಿಚ್ಚು ಆಮೇಲೆ

ನಮ್ಮದು ಮಳೆ ನಂಬಿದ ಬೇಸಾಯ. ಮಳೆಗಾಲದಲ್ಲಿ ಒಂದು ಬೆಳೆ ಭತ್ತ, ಕೊಯ್ಲಾದ ಮೇಲೆ ಗದ್ದೆಯ ಪಸೆಯಲ್ಲಿ ಉದ್ದು ಇಲ್ಲವೇ ನೆಲಗಡಲೆ. ಗದ್ದೆಗೆ ಪಂಪಿಲ್ಲ. ಆದರೆ ಮನೆಗೆ ಉಂಟು. ಈಗ ಮರವಂತೆಯಲ್ಲಿ ಅರ್ಧ ಎಚ್.ಪಿ. ಪಂಪು, ಮಾಡಿನ ಮೇಲೊಂದು ಟ್ಯಾಂಕಿ, ಬಚ್ಚಲಲ್ಲಿ ಗೀಸರೋ ಸೋಲಾರೋ ಇಲ್ಲದ ಮನೆ ಕಡಿಮೆ. ಇವನ್ನು ತರುವಾಗ ಎಲ್ಲರೂ ರೇಟು ಕೇಳ್ತಾರೆ, ನಡೆಸುವುದು ಹೇಗೆ ಅಂತ ಕೇಳುವವರು ಕಡಿಮೆ. ಒಂದು ಮೋಟಾರು ಸುಟ್ಟರೆ ಆ ವರ್ಷದ ಉದ್ದಿನ ದುಡ್ಡು ಅಲ್ಲಿಗೇ ಹೋಯಿತು. ಬಚ್ಚಲಲ್ಲಿ ಕರೆಂಟು ಹೊಡೆದರೆ ಹೋಗುವುದು ದುಡ್ಡಲ್ಲ, ಜೀವ.

ಪಂಪು ಮತ್ತು ಹಂಡೆ, ಎರಡಕ್ಕೂ ನಿಯಮ ಒಂದೇ. ಒಳಗೆ ನೀರು ಉಂಟೋ ಇಲ್ಲವೋ ನೋಡಿ, ಆಮೇಲೆ ಸ್ವಿಚ್ಚು ಹಾಕಿ. ಎರಡನ್ನೂ ತಂಪಾಗಿ ಇಡುವುದು ನೀರೇ. ನೀರಿಲ್ಲದೆ ತಿರುಗುವ ಪಂಪು, ನೀರಿಲ್ಲದೆ ಕಾಯುವ ಹಂಡೆ, ಎರಡೂ ಸುಡುತ್ತವೆ. ಇದರ ವಿವರ ಕೆಳಗೆ ಬರೆದಿದ್ದೇನೆ.

ಮೊದಲು ಬಾವಿ

ನಮ್ಮ ಊರು ನೋಡದವರಿಗೆ ಒಂದು ಮಾತು. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೊಯ್ಗೆಯ ಸಪೂರ ಪಟ್ಟಿ, ಅದರ ಮೇಲೆ ರಾಷ್ಟ್ರೀಯ ಹೆದ್ದಾರಿ 66. ಈ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಆದರೂ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಯಿತು ಅನ್ನುವ ಮಾತು ಕೇಳುತ್ತದೆ. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಭರತದ ಹೊತ್ತಿಗೆ ಉಪ್ಪುನೀರು ಒಳಗೆ ಏರುತ್ತದೆ. ಅಂದರೆ ಉಪ್ಪು ಎರಡು ಕಡೆಯಿಂದಲೂ ಬರಬಹುದು.

ಹೊಯ್ಗೆಯೊಳಗೆ ಮಳೆಯ ನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಒಂದು ಲೀಟರ್ ಸಿಹಿನೀರು 1000 ಗ್ರಾಂ ತೂಗಿದರೆ ಕಡಲ ನೀರು ಸುಮಾರು 1025 ಗ್ರಾಂ. ಈ ಸಣ್ಣ ವ್ಯತ್ಯಾಸವೇ ನಮ್ಮ ಬಾವಿಗಳ ಆಧಾರ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಕಡಲ ತೀರದಲ್ಲಿ ಗೈಬೆನ್, ಹರ್ಜ್‌ಬರ್ಗ್ ಎಂಬ ಇಬ್ಬರು ಇದರ ಲೆಕ್ಕ ಹಾಕಿದರು. ಕಡಲ ಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಲ್ಲುತ್ತದೆ. ಇದನ್ನೇ ತಿರುಗಿಸಿ ನೋಡಿ. ಮೇಲಿನ ನೀರನ್ನು ಒಂದಡಿ ಇಳಿಸಿದಷ್ಟಕ್ಕೆ ಕೆಳಗಿನ ಉಪ್ಪುನೀರು ಹತ್ತಾರು ಅಡಿ ಮೇಲೆ ಬರಲು ದಾರಿಯಾಗುತ್ತದೆ. ಒಮ್ಮೆ ಉಪ್ಪು ಏರಿತೆಂದರೆ ಮುಂದಿನ ಮಳೆಗಾಲದ ತನಕ ಅದು ಕೆಳಗಿಳಿಯುವುದು ಕಷ್ಟ.

ಆದ್ದರಿಂದ ಇಂಥ ಬಾವಿಗೆ ದೊಡ್ಡ ಪಂಪು ಶತ್ರು. ಏತದ ಕಾಲದಲ್ಲಿ ಮನುಷ್ಯನ ರಟ್ಟೆ ಸೋತು ಏತ ನಿಲ್ಲುತ್ತಿತ್ತು, ಅಷ್ಟರಲ್ಲಿ ಬಾವಿಗೆ ಊಟೆ ಬರುತ್ತಿತ್ತು. ಮೋಟಾರಿಗೆ ರಟ್ಟೆ ಸೋಲುವುದಿಲ್ಲ. ಬೇಸಿಗೆಯಲ್ಲಿ ಒಂದೇ ಸಲ ಟ್ಯಾಂಕಿ ತುಂಬಿಸುವ ಬದಲು ಬೆಳಿಗ್ಗೆ ಹತ್ತು ಹದಿನೈದು ನಿಮಿಷ, ಸಂಜೆ ಅಷ್ಟೇ ಹೊತ್ತು ಓಡಿಸಿ. ಫುಟ್‌ವಾಲ್ವನ್ನು ಬಾವಿಯ ತಳಕ್ಕೆ ಇಳಿಸಬೇಡಿ. ನೀರಿನ ಮೇಲ್ಪದರದಿಂದ ಎಳೆಯುವಂತೆ ಇಡಿ, ಗಾಳಿ ಎಳೆಯದಷ್ಟು ಮುಳುಗಿದ್ದರೆ ಸಾಕು. ಪೆನ್ನಿನ ಹಾಗಿರುವ ಟಿ.ಡಿ.ಎಸ್. ಮೀಟರ್ ಈಗ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದು ತಂದರೆ ಆಯಿತು. ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದ ತನಕ ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ವಾರಕ್ಕೊಮ್ಮೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂಕಿ ಏರುತ್ತಾ ಹೋದರೆ ಪಂಪಿನ ಹೊತ್ತು ಇಳಿಸಬೇಕು. ನಾಲಿಗೆಗೆ ಗೊತ್ತಾಗುವಾಗ ತಡವಾಗಿರುತ್ತದೆ.

ಪಂಪು ತಿರುಗುತ್ತದೆ, ನೀರಿಲ್ಲ

"ಮೋಟ್ರ್ ತಿರ್ಗತ್ತ್, ನೀರ್ ಬತ್ತಿಲ್ಲ ಮಾರಾಯ್ರೆ" ಅನ್ನುವುದು ಬೇಸಿಗೆಯಲ್ಲಿ ದಿನಾ ಕೇಳುವ ದೂರು. ಹೀಗಾದಾಗ ಮೊದಲು ಮಾಡಬೇಕಾದ ಕೆಲಸ ಸ್ವಿಚ್ಚು ತೆಗೆಯುವುದು. "ಇನ್ನೂ ಸ್ವಲ್ಪ ಹೊತ್ತು ಓಡಲಿ, ಬಂದೀತು" ಅಂತ ಕಾಯಬಾರದು. ಮೋಟಾರಿನ ದಂಡ ಪಂಪಿನೊಳಗೆ ಹೋಗುವ ಜಾಗದಲ್ಲಿ ಒಂದು ಸೀಲು ಇರುತ್ತದೆ. ಅದರ ಎರಡು ನುಣುಪು ಮುಖಗಳ ನಡುವೆ ನೀರಿನ ತೆಳು ಪದರ ಇರಬೇಕು. ನೀರಿಲ್ಲದಿದ್ದರೆ ಅವು ಒಂದಕ್ಕೊಂದು ಉಜ್ಜಿ ಕೆಲವೇ ನಿಮಿಷದಲ್ಲಿ ಹಾಳು. ಅಲ್ಲಿಂದ ಸೋರುವ ನೀರು ಬೇರಿಂಗಿಗೆ, ಮುಂದೆ ಮೋಟಾರಿಗೂ ಹೋಗುತ್ತದೆ.

ಆಮೇಲೆ ಈ ಕ್ರಮದಲ್ಲಿ ಹುಡುಕಿ.

1. ಬಾವಿಯಲ್ಲಿ ಫುಟ್‌ವಾಲ್ವ್ ನೀರಿನೊಳಗೆ ಉಂಟೋ? ಬೇಸಿಗೆಯಲ್ಲಿ ಅರ್ಧ ದೂರು ಇಲ್ಲಿಗೇ ಮುಗಿಯುತ್ತದೆ.

2. ಪಂಪಿನ ಮೇಲಿನ ಬಿರಡೆ ತೆಗೆದು ನೀರು ತುಂಬಿಸಿ. ತುಂಬಿದ ನೀರು ಸರ್ರನೆ ಇಳಿದುಹೋದರೆ ಫುಟ್‌ವಾಲ್ವಿನಲ್ಲಿ ಕಸವೋ ಹೊಯ್ಗೆಯೋ ಸಿಕ್ಕಿದೆ, ಇಲ್ಲವೇ ಒಳಗಿನ ಚರ್ಮ ಅಥವಾ ರಬ್ಬರು ಸವೆದಿದೆ.

3. ನೀರು ನಿಂತರೂ ಪಂಪು ಎತ್ತದಿದ್ದರೆ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಎಳೆಯುವ ಪೈಪಿನ ಜಾಯಿಂಟುಗಳಿಗೆ ಒಂದೊಂದಾಗಿ ಹಸಿ ಜೇಡಿಮಣ್ಣು ಮೆತ್ತಿ ನೋಡಿ. ಯಾವುದಕ್ಕೆ ಮೆತ್ತಿದಾಗ ನೀರು ಹಿಡಿಯಿತೋ ಅದನ್ನು ಬಿಚ್ಚಿ ಸರಿಮಾಡಿ. ಮಣ್ಣು ಹುಡುಕುವುದಕ್ಕೆ ಮಾತ್ರ, ರಿಪೇರಿಗೆ ಅಲ್ಲ.

4. ಇದೆಲ್ಲ ಸರಿ ಇದ್ದರೆ ಆಳ ಅಳೆಯಿರಿ. ಮೇಲೆ ಕೂತ ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ಆ ಒತ್ತಡಕ್ಕೆ ಎತ್ತಲು ಸಾಧ್ಯವಿರುವುದೇ ಸುಮಾರು 34 ಅಡಿ. ಪೈಪಿನ ತಿಕ್ಕಾಟ, ಬೆಂಡು ಎಲ್ಲ ಕಳೆದು ಕೈಗೆ ಸಿಗುವುದು 20ರಿಂದ 25 ಅಡಿ. ನೀರು ಅದಕ್ಕಿಂತ ಕೆಳಗೆ ಹೋಗಿದ್ದರೆ ಎಷ್ಟು ಎಚ್.ಪಿ. ಹಾಕಿದರೂ ಪ್ರಯೋಜನ ಇಲ್ಲ. ಪಂಪನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸಬೇಕು, ಇಲ್ಲವೇ ನೀರಲ್ಲಿ ಮುಳುಗುವ ಪಂಪು ಹಾಕಬೇಕು. ಒಳಗೆ ಇಳಿಸಿದವರು ಮಳೆಗಾಲದ ಮೊದಲು ಮೇಲೆ ತರಲು ಮರೆಯಬಾರದು.

ಮೋಟಾರು ತಿರುಗದೆ "ಗುಂಯ್" ಅಂತ ಬರೀ ಸ್ವರ ಮಾಡಿದರೂ ತಕ್ಷಣ ಆಫ್ ಮಾಡಿ. ಮಳೆಗಾಲದಲ್ಲಿ ಹೆಚ್ಚು ಓಡಿಸದೆ ಇಟ್ಟ ಪಂಪಿನ ಒಳಗೆ ತುಕ್ಕು ಕಚ್ಚಿರುತ್ತದೆ. ಫ್ಯೂಸು ತೆಗೆದು, ಹಿಂದಿನ ಫ್ಯಾನನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಎಷ್ಟೋ ಸಲ ಬಿಡುತ್ತದೆ. ಸಲೀಸಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಕೆಪಾಸಿಟರ್ ಹೋಗಿರಬಹುದು. ಲೈಟು ಮಿಣುಕುವಷ್ಟು ವೋಲ್ಟೇಜ್ ಇಳಿದ ಹೊತ್ತಲ್ಲಿ ಪಂಪು ಹಾಕಲೇಬೇಡಿ. ವೋಲ್ಟೇಜ್ ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ.

ಬಿಸಿನೀರಿನ ಲೆಕ್ಕ

ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೊ ಕ್ಯಾಲೊರಿ ಶಾಖ ಉಂಟು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊ ಕ್ಯಾಲೊರಿ ಬೇಕು. ನಮ್ಮ ಟ್ಯಾಂಕಿಯ ನೀರು 27 ಡಿಗ್ರಿ ಇದ್ದರೆ ಸ್ನಾನಕ್ಕೆ 42 ಸಾಕು. 20 ಲೀಟರಿನ ಒಂದು ಬಾಲ್ದಿಗೆ 300 ಕಿಲೊ ಕ್ಯಾಲೊರಿ, ಅಂದರೆ ಯೂನಿಟ್ಟಿನ ಮೂರನೇ ಒಂದು ಪಾಲಿಗೆ ಸ್ವಲ್ಪ ಹೆಚ್ಚು. 15 ಲೀಟರಿನ ಗೀಸರನ್ನು 60 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಆರು ಆಣೆಯಷ್ಟಲ್ಲ, ಅರ್ಧಕ್ಕಿಂತ ತುಸು ಮೇಲೆ ಯೂನಿಟ್ ಬೇಕು. 2 ಕಿಲೊವಾಟಿನ ಕಾಯಿಲ್ ಆದರೆ 17–18 ನಿಮಿಷ. ಅದಕ್ಕೆ ತಣ್ಣೀರು ಬೆರೆಸಿದರೆ 33 ಲೀಟರ್ ಸ್ನಾನದ ನೀರು. ಹಾಗಾಗಿ ಇಡೀ ದಿನ ಆನ್ ಇಡುವ ಅಗತ್ಯ ಇಲ್ಲ.

ಗೀಸರಿನಲ್ಲಿ ತಣ್ಣೀರು ಕೆಳಗಿನಿಂದ ಒಳಗೆ ಬರುತ್ತದೆ, ಬಿಸಿನೀರು ಮೇಲಿನಿಂದ ಹೊರಗೆ ಹೋಗುತ್ತದೆ. ಹೊಸತು ಕೂರಿಸಿದಾಗ, ಪ್ಲಂಬರ್ ಬಿಚ್ಚಿ ಜೋಡಿಸಿದಾಗ, ಟ್ಯಾಂಕಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಬಿಸಿನೀರಿನ ನಳ್ಳಿ ತೆರೆಯಿರಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಬಿಟ್ಟು ಬಿಟ್ಟು ನೀರು, ಕೊನೆಗೆ ಒಂದೇ ಸಮ ಧಾರೆ. ಧಾರೆ ಬಂದ ಮೇಲೆಯೇ ಸ್ವಿಚ್ಚು. ತಣ್ಣೀರಿನ ದಾರಿಯಲ್ಲಿ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಇರಬೇಕು, ಇಲ್ಲವಾದರೆ ಪೈಪು ಬಿಚ್ಚಿದಾಗ ಗೀಸರ್ ಖಾಲಿಯಾಗಬಹುದು.

ಕಾಯುವಾಗ ಪಕ್ಕದ ಸಣ್ಣ ವಾಲ್ವಿನಿಂದ ಹನಿ ಬೀಳುತ್ತದೆ ಅಂತ ಕೆಲವರು ಅದಕ್ಕೆ ಬಿರಡೆ ಹೊಡೆಯುತ್ತಾರೆ. ಖಂಡಿತ ಮಾಡಬೇಡಿ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 60 ಡಿಗ್ರಿಗೆ ಹೋದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ, ಅದು ಎಲ್ಲಿಗಾದರೂ ಹೋಗಬೇಕಲ್ಲ. ದಾರಿ ಮುಚ್ಚಿದರೆ ಹಂಡೆ ಒಡೆಯುತ್ತದೆ.

ಉಪ್ಪು ಹೆಚ್ಚಿರುವ ನೀರು ಸ್ಟೀಲನ್ನೂ ತಿನ್ನುತ್ತದೆ. ಅನೇಕ ಗೀಸರುಗಳ ಒಳಗೆ ಮೆಗ್ನೀಶಿಯಂನ ಒಂದು ಸರಳು ಇರುತ್ತದೆ. ಉಪ್ಪು ಮೊದಲು ಅದನ್ನು ತಿನ್ನಲಿ, ಟ್ಯಾಂಕಿ ಉಳಿಯಲಿ ಅಂತ. ನಮ್ಮ ಕಡೆ ಅದನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಸವೆದಿದ್ದರೆ ಬದಲಿಸುವುದು ಹೊಸ ಗೀಸರಿಗಿಂತ ಬಹಳ ಅಗ್ಗ.

ಸೋಲಾರಿಗೆ ಮೋಟಾರು ಬೇಡ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ. ತಣ್ಣೀರಿನ ಟ್ಯಾಂಕಿ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು, ಗಾಳಿ ಕೊಳವೆ ಸದಾ ತೆರೆದಿರಬೇಕು. ಗಾಜಿನ ಕೊಳವೆಯ ಸೋಲಾರ್ ಖಾಲಿಯಾಗಿ ಬಿಸಿಲಲ್ಲಿ ಕಾದಿದ್ದರೆ ಮಧ್ಯಾಹ್ನ ತಣ್ಣೀರು ಬಿಡಬೇಡಿ, ಕೊಳವೆ ಒಡೆಯುತ್ತದೆ. ಮರುದಿನ ಬಿಸಿಲೇರುವ ಮೊದಲು ತುಂಬಿಸಿ. ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಕೂರುತ್ತದೆ, ಆಗಾಗ ತೊಳೆಯಿರಿ.

ಮಳೆಗಾಲದಲ್ಲಿ ಸೋಲಾರಿಗೆ ರಜೆ. ಅದಕ್ಕೇ ಬಚ್ಚಲೊಲೆ ಮತ್ತು ತಾಮ್ರದ ಹಂಡೆಯನ್ನು ತೆಗೆದುಹಾಕಬೇಡಿ. ಮಡಲು, ಗೆರಟೆ, ತೆಂಗಿನ ಸಿಪ್ಪೆ ಹೇಗೂ ಮನೆಯದ್ದೇ. ಹಂಡೆಗೂ ಅದೇ ನಿಯಮ. ಅರ್ಧಕ್ಕಿಂತ ಕೆಳಗೆ ಇಳಿಯುವ ಮೊದಲೇ ತುಂಬಿಸಿ, ನೀರಿಲ್ಲದ ಹಂಡೆಗೆ ಬೆಂಕಿ ಹಾಕಬೇಡಿ.

ಜೀವದ ಪ್ರಶ್ನೆ

ಗೀಸರ್ ಮತ್ತು ಪಂಪಿಗೆ ಅರ್ತಿಂಗ್ ಬೇಕೇ ಬೇಕು. ಬೇಸಿಗೆಯಲ್ಲಿ ಒಣ ಹೊಯ್ಗೆ ಕರೆಂಟನ್ನು ಸರಿಯಾಗಿ ನೆಲಕ್ಕೆ ಬಿಡುವುದಿಲ್ಲ. ಆಗ ಅರ್ತಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ. ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚು ಇರಲಿ. ಸೋರುವ ಕರೆಂಟು ಅಷ್ಟಾಗುವಷ್ಟರಲ್ಲಿ ಅದು ತಾನೇ ಲೈನು ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ನೀರು ಕಾಯಿಸಿ, ಸ್ವಿಚ್ಚು ತೆಗೆದು, ಆಮೇಲೆ ಸ್ನಾನಕ್ಕೆ ಇಳಿಯುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ. ಬಾಲ್ದಿಯಲ್ಲಿ ಮುಳುಗಿಸುವ ರಾಡು ಇರುವವರು ಪ್ಲಗ್ಗು ಕಿತ್ತ ಮೇಲೆಯೇ ನೀರು ಮುಟ್ಟಿ ನೋಡಬೇಕು.

ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಲೇಬಾರದು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗಿತು ಅನ್ನುವಷ್ಟರಲ್ಲಿ ಬಾಗಿಲು ತೆರೆಯಲೂ ಕೈ ಬರುವುದಿಲ್ಲ. ಹೊರಗೆ ಗಾಳಿಯಾಡುವ ಕಡೆ ಇಟ್ಟು ಪೈಪಿನಲ್ಲಿ ನೀರು ತನ್ನಿ.

ಚಕ್ರದ ಮೇಲಿನ ಮನೆ

ಪ್ರವಾಸಕ್ಕೆಂದೇ ಮಾಡಿದ ಗಾಡಿಮನೆಗಳು ಉಂಟಲ್ಲ, ಹಿಂದೆ ಎಳೆದುಕೊಂಡು ಹೋಗುವಂಥವು, ಅದರಲ್ಲೂ ಇದೇ ಏರ್ಪಾಡು, ಸಣ್ಣ ಗಾತ್ರದಲ್ಲಿ. ಒಂದು ಟ್ಯಾಂಕಿ, 12 ವೋಲ್ಟ್ ಬ್ಯಾಟರಿಯ ಪುಟ್ಟ ಪಂಪು, ಇಪ್ಪತ್ತು ಚಿಲ್ಲರೆ ಲೀಟರಿನ ಹಂಡೆ. ನಳ್ಳಿ ತೆರೆದಾಗ ಪೈಪಿನ ಒತ್ತಡ ಇಳಿಯುತ್ತದೆ, ಪಂಪು ತಾನೇ ಶುರು. ಮುಚ್ಚಿದಾಗ ಒತ್ತಡ ಏರಿ ತಾನೇ ಬಂದ್. ಆದರೆ ಟ್ಯಾಂಕಿ ಖಾಲಿಯಾದರೆ ಒತ್ತಡ ಏರುವುದೇ ಇಲ್ಲ, ಪಂಪು ನಿಲ್ಲುವುದೂ ಇಲ್ಲ. ಅದಕ್ಕೇ ಗಾಡಿ ಬಿಟ್ಟು ಹೋಗುವಾಗ ಪಂಪಿನ ಸ್ವಿಚ್ಚು ತೆಗೆಯುವುದು ಅವರ ರೂಢಿ. ಹಂಡೆ ತುಂಬಿದ್ದು ಗೊತ್ತಾಗದೆ ಹೀಟರ್ ಹಾಕುವುದಿಲ್ಲ.

ಇದು ನಮಗೇಕೆ ಅಂದರೆ, ಹೊಸ ಮನೆಗಳಿಗೂ ಈಗ ಇದೇ ತರದ ಪ್ರೆಶರ್ ಪಂಪು ಬರುತ್ತಿದೆ. ಯಾರೂ ನಳ್ಳಿ ಮುಟ್ಟದಿದ್ದರೂ ರಾತ್ರಿ ಅದು ಆಗಾಗ ಓಡಿ ನಿಂತರೆ ಎಲ್ಲೋ ನೀರು ಸೋರುತ್ತಿದೆ ಅಂತಲೇ ಅರ್ಥ. ಊರಿಗೆ ಹೋಗುವಾಗ ಅದನ್ನು ಬಂದ್ ಮಾಡಿ ಹೋಗಿ. ಒಂದು ಪೈಪು ಒಡೆದರೆ ಬಾವಿಯ ನೀರೆಲ್ಲ ಅಂಗಳಕ್ಕೆ, ಬಾವಿಗೆ ಉಪ್ಪು.

ವರ್ಷಕ್ಕೊಂದು ದಿನ

ಇದನ್ನೆಲ್ಲ ನೆನಪಿಟ್ಟು ಮಾಡುವುದು ಯಾವಾಗ? ಹಿರಿಯರು ದಿನ ಇಟ್ಟೇ ಹೋಗಿದ್ದಾರೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ಉಜ್ಜಿ ತೊಳೆದು, ಬಳ್ಳಿ ಕಟ್ಟಿ, ಹೊಸ ನೀರು ತುಂಬುತ್ತೇವೆ. ಮಳೆ ಮುಗಿದು ಬಾವಿ ತುಂಬಿರುವ ಹೊತ್ತು. ಅದೇ ದಿನ ಫುಟ್‌ವಾಲ್ವ್ ತೊಳೆಯಿರಿ, ಟ್ಯಾಂಕಿಯ ಕೆಸರು ತೆಗೆಯಿರಿ, ಗೀಸರಿನ ಸರಳು ನೋಡಿಸಿ, ಸೋಲಾರ್ ಸ್ಟ್ಯಾಂಡಿಗೆ ಬಣ್ಣ ಹಚ್ಚಿ, ಅರ್ತಿಂಗ್ ತಂತಿ ತುಕ್ಕು ಹಿಡಿದಿದೆಯೋ ನೋಡಿ, ಬಾವಿ ನೀರಿನ ಟಿ.ಡಿ.ಎಸ್. ಬರೆದಿಡಿ. ಮುಂದಿನ ಏಪ್ರಿಲಿನಲ್ಲಿ ಹೋಲಿಸಲು ಆ ಅಂಕಿ ಬೇಕಾಗುತ್ತದೆ.

ಮನೆಯ ಹೆಂಗಸರಿಗೂ ಮಕ್ಕಳಿಗೂ ಇದನ್ನು ತೋರಿಸಿಕೊಡಿ. ಸ್ವಿಚ್ಚು ಹೆಚ್ಚಾಗಿ ಹಾಕುವವರು ಅವರೇ.