ಬಯೋಮೆಡಿಕಲ್ ಸಂಶೋಧನೆಗೆ ದೇಣಿಗೆ: ಕಟ್ಟಡಕ್ಕೋ, ವಿದ್ಯಾರ್ಥಿಗೋ? ಗುಜರಾತ್‌ನ 3 ನಗರಗಳು ಹೇಳುವುದೇನು?

ಹೃದಯಕ್ಕೆ ಹಾಕುವ ಸ್ಟೆಂಟ್, ಡಯಾಲಿಸಿಸ್ ಯಂತ್ರ, ಕೃತಕ ಕಾಲು... ಇಂಥ ಸಾಧನಗಳ ಹಿಂದೆ ವೈದ್ಯರಷ್ಟೇ ಅಲ್ಲ, ಬಯೋಮೆಡಿಕಲ್ ಎಂಜಿನಿಯರ್‌ಗಳೂ ಇದ್ದಾರೆ. ಈ ಕ್ಷೇತ್ರದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೆರವಾಗಲು ಬಯಸುವ ದಾನಿಗಳು ಏನು ತಿಳಿದಿರಬೇಕು? ಇಲ್ಲಿದೆ ವಿವರ.

ಅಹಮದಾಬಾದ್: ಸಂಸ್ಥೆ ಕಟ್ಟಿದ ದಾನ

ಜವಳಿ ಉದ್ಯಮಿ ಕಸ್ತೂರ್‌ಭಾಯಿ ಲಾಲ್‌ಭಾಯಿ ಅವರು ನೀಡಿದ 25 ಲಕ್ಷ ರೂಪಾಯಿ ಮತ್ತು ಜಮೀನಿನಿಂದ 1948ರಲ್ಲಿ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಾಲೇಜಿನ ಹೆಸರಲ್ಲಿರುವುದು ಅವರ ತಂದೆ ಲಾಲ್‌ಭಾಯಿ ದಲಪತ್‌ಭಾಯಿ. ಈ ಸರ್ಕಾರಿ ಕಾಲೇಜಿನಲ್ಲಿ ಇಂದು ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗವೂ ಇದೆ.

ವಡೋದರಾ: ವ್ಯಕ್ತಿಯನ್ನು ಬೆಳೆಸಿದ ನೆರವು

ಬರೋಡಾದ ಮಹಾರಾಜ 3ನೇ ಸಯಾಜಿರಾವ್ ಗಾಯಕ್‌ವಾಡ್ 1913ರಲ್ಲಿ ಒಬ್ಬ ಯುವಕನಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ 11.50 ಪೌಂಡ್‌ನಂತೆ 3 ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಆ ಯುವಕ ಬಿ.ಆರ್. ಅಂಬೇಡ್ಕರ್. ಓದಿನ ವಿಷಯ ಬೇರೆಯಾದರೂ ಪಾಠ ಒಂದೇ: ಸರಿಯಾದ ಸಮಯಕ್ಕೆ ಸಿಕ್ಕ ಮಾಸಿಕ ನೆರವು ಕಟ್ಟಡಕ್ಕಿಂತ ಕಡಿಮೆಯದಲ್ಲ.

ಸೂರತ್: ಜ್ಞಾನ ಸಾಧನವಾದಾಗ

ವಜ್ರ ಕತ್ತರಿಸುವ ಲೇಸರ್ ಯಂತ್ರ ತಯಾರಿಸುತ್ತಿದ್ದ ಸೂರತ್‌ನ ಸಹಜಾನಂದ ಸಮೂಹ ಮುಂದೆ ಹೃದಯದ ಸ್ಟೆಂಟ್ ತಯಾರಿಕೆಗೂ ಇಳಿಯಿತು. ವಜ್ರದ ಊರಿನಲ್ಲಿ ವೈದ್ಯಕೀಯ ಸಾಧನ ತಯಾರಾಗಬೇಕಾದರೆ ಎರಡೂ ಬಲ್ಲ ತಜ್ಞರು ಬೇಕು. ಅಂಥವರನ್ನು ತಯಾರು ಮಾಡುವುದೇ ಸ್ನಾತಕೋತ್ತರ ಶಿಕ್ಷಣ.

ಒಬ್ಬ ವಿದ್ಯಾರ್ಥಿಗೆ ಎಷ್ಟು ಬೇಕು?

ಗೇಟ್ ಉತ್ತೀರ್ಣರಾದ ಎಂ.ಟೆಕ್ ವಿದ್ಯಾರ್ಥಿಗಳಿಗೆ ಸಿಗುವ ಮಾಸಿಕ ನೆರವು 12,400 ರೂ. ಗೇಟ್ ಇಲ್ಲದೆ ಸೇರಿದವರಿಗೆ ಇದು ಸಿಗದು. ಅಂಥ ಒಬ್ಬರಿಗೆ ಇಷ್ಟೇ ಮೊತ್ತವನ್ನು 2 ವರ್ಷ ಕೊಡಲು ಸುಮಾರು 3 ಲಕ್ಷ ರೂ. ಸಾಕು.

ಪಿಎಚ್.ಡಿ. ಲೆಕ್ಕ ದೊಡ್ಡದು. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂ., ಅಂದರೆ ವರ್ಷಕ್ಕೆ 4.44 ಲಕ್ಷ ರೂ. ಅಸಲು ಮುಟ್ಟದೆ ಶೇ. 7ರ ಬಡ್ಡಿಯಲ್ಲೇ ಇಂಥ ಒಂದು ಫೆಲೋಶಿಪ್ ನಡೆಸಲು ಸುಮಾರು 63.5 ಲಕ್ಷ ರೂ. ಠೇವಣಿ ಬೇಕು. ಗುಜರಾತ್ ಸರ್ಕಾರದ 'ಶೋಧ್' ಯೋಜನೆಯಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ನಿಗದಿಯಾದದ್ದು ತಿಂಗಳಿಗೆ 15,000 ರೂ. ಮತ್ತು ಇತರ ಖರ್ಚಿಗೆ ವರ್ಷಕ್ಕೆ 20,000 ರೂ. ಈ ಎರಡು ಮೊತ್ತಗಳ ನಡುವಿನ ಅಂತರವನ್ನು ದೇಣಿಗೆ ತುಂಬಬಲ್ಲದು.

ಕೊಡುವ ಮುನ್ನ ಗಮನಿಸಿ

* 80ಜಿ ಮಾನ್ಯತೆ ಇದೆಯೇ ಎಂದು ಕೇಳಿ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗಷ್ಟೇ ಈ ವಿನಾಯಿತಿ. 2,000 ರೂ. ಮೀರಿದ ನಗದು ದೇಣಿಗೆಗೆ ಅದು ಸಿಗದು.
* ವಿದೇಶಿ ಪೌರತ್ವ ಪಡೆದವರ ಹಣ ಸ್ವೀಕರಿಸಲು ಸಂಸ್ಥೆಗೆ ಎಫ್‌ಸಿಆರ್‌ಎ ಅನುಮತಿ ಬೇಕು.
* ಕಂಪನಿಗಳು ಸಿಎಸ್‌ಆರ್ ನಿಧಿಯನ್ನು ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳ ಸಂಶೋಧನೆಗೆ ನೀಡಬಹುದು.
* ಹಣ ವಿದ್ಯಾರ್ಥಿವೇತನಕ್ಕೋ, ಉಪಕರಣಕ್ಕೋ ಎಂಬುದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಪ್ರತಿವರ್ಷ ಖರ್ಚಿನ ವರದಿ ಕೇಳಿ.

ನಮ್ಮ ಬೆಂಗಳೂರಿನಲ್ಲೂ ಇದಕ್ಕೆ ಮಾದರಿ ಇದೆ. ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಯ ಆಸ್ಪತ್ರೆಗಾಗಿ ಬಾಗ್ಚಿ ಹಾಗೂ ಪಾರ್ಥಸಾರಥಿ ದಂಪತಿಗಳು 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ರೂ. ಘೋಷಿಸಿದ್ದರು. ಅಷ್ಟು ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಹತ್ತು ಹಳೆಯ ವಿದ್ಯಾರ್ಥಿಗಳು ತಲಾ 30,000 ರೂ. ಹಾಕಿದರೆ ಒಬ್ಬರ ಎಂ.ಟೆಕ್ ಓದು ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ.